ಕಾವೇರಿ ದಡದ ಕಾಡಿನಲ್ಲಿ ಒಂದು ರಾತ್ರಿ: ಭೀಮೇಶ್ವರಿ, ಗಾಳಿಬೋರೆಗೆ ಹೋಗುವವರಿಗೆ

ಶಿವನಸಮುದ್ರದಲ್ಲಿ ಧುಮುಕಿದ ಮೇಲೆ ಕಾವೇರಿಯ ಸ್ವಭಾವವೇ ಬೇರೆ. ಅಲ್ಲಿಯವರೆಗೆ ನಾಲೆ, ಗದ್ದೆ, ಕಬ್ಬಿನ ಬಯಲು. ಅಲ್ಲಿಂದ ಮುಂದೆ ಎರಡೂ ಕಡೆ ಗುಡ್ಡ, ಕುರುಚಲು ಕಾಡು, ನಡುವೆ ಬಂಡೆಗಳ ಮೇಲೆ ಹರಿಯುವ ಹೊಳೆ. ಮೇಕೆದಾಟು ದಾಟಿ ತಮಿಳುನಾಡಿಗೆ ಹೋಗುವವರೆಗೂ ಹೆಚ್ಚುಕಡಿಮೆ ಇದೇ ನೋಟ. ಈ ಕಾಡನ್ನು 1987ರಲ್ಲಿ ಕಾವೇರಿ ವನ್ಯಜೀವಿಧಾಮ ಎಂದು ಘೋಷಿಸಿದರು. ಆಮೇಲೆ ಇನ್ನಷ್ಟು ಕಾಡು ಸೇರಿಸಿದ್ದರಿಂದ ಈಗ ಅದು ಸಾವಿರ ಚದರ ಕಿಲೋಮೀಟರ್ ದಾಟಿದೆ. ಚಾಮರಾಜನಗರ, ಮಂಡ್ಯ ಮತ್ತು ರಾಮನಗರ, ಅಂದರೆ ಈಗಿನ ಬೆಂಗಳೂರು ದಕ್ಷಿಣ ಜಿಲ್ಲೆಗಳಲ್ಲಿ ಹರಡಿಕೊಂಡಿದೆ.

ಬೆಂಗಳೂರಿನಿಂದ ಇದು ನೂರು ಕಿಲೋಮೀಟರ್ ಆಸುಪಾಸು. ಹತ್ತಿರ ಇರುವುದರಿಂದಲೇ ಜನ ತಯಾರಿ ಇಲ್ಲದೆ ಹೊರಟುಬಿಡುತ್ತಾರೆ. ಬೆಳಿಗ್ಗೆ ಕಾರು ಹತ್ತಿ, ಮಧ್ಯಾಹ್ನ ನೀರಿಗಿಳಿದು, ಸಂಜೆ ವಾಪಸ್ ಬರುವ ಯೋಚನೆ. ಈ ಹೊಳೆ ಅದಕ್ಕೆ ಸರಿಯಾದ ಜಾಗ ಅಲ್ಲ. ಇಲ್ಲಿ ಒಂದು ರಾತ್ರಿ ಉಳಿಯಬೇಕು, ದಡದಲ್ಲಿ ಕೂರಬೇಕು, ಹರಿಗೋಲಿನಲ್ಲಿ ಸುತ್ತಬೇಕು. ಈಜುವ ಆಸೆಯನ್ನು ಮನೆಯಲ್ಲೇ ಬಿಟ್ಟು ಬರಬೇಕು. ಹಾಗೆ ಹೋಗುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಜಾಗ ಗೊತ್ತುಮಾಡಿಕೊಳ್ಳಿ

ಕಾಡಿನೊಳಗೆ ನಿಮಗೆ ಇಷ್ಟ ಬಂದ ಕಡೆ ಟೆಂಟ್ ಹಾಕುವ ಹಾಗಿಲ್ಲ. ಇದು ವನ್ಯಜೀವಿಧಾಮ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿ ಇಲ್ಲದೆ ಒಳಗೆ ಹೋಗುವುದೇ ಅಪರಾಧ. ಬೆಂಕಿ ಹಚ್ಚುವುದು, ಆಯುಧ ತರುವುದು ಕೂಡ ಹಾಗೆಯೇ. ‘ನಮ್ಮ ಹುಡುಗರು ಹೋಗಿ ಟೆಂಟ್ ಹಾಕಿದ್ರು, ಯಾರೂ ಕೇಳಲಿಲ್ಲ’ ಅಂತ ಹೇಳುವವರು ಸಿಗುತ್ತಾರೆ. ಅವರ ಮಾತು ಕೇಳಬೇಡಿ. ಕಾನೂನಿನ ಮಾತು ಹಾಗಿರಲಿ, ಹೊಳೆ ದಡ ಅಂದರೆ ಆನೆಗಳು ನೀರು ಕುಡಿಯಲು ಇಳಿಯುವ ದಾರಿ.

ಉಳಿಯಲು ಸುಲಭವಾದ ದಾರಿ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ಕ್ಯಾಂಪ್‌ಗಳು. ಭೀಮೇಶ್ವರಿ ಕ್ಯಾಂಪ್ ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕಿನಲ್ಲಿದೆ. ಗಾಳಿಬೋರೆ ಕ್ಯಾಂಪ್ ಕನಕಪುರದ ಕಡೆ, ಅರ್ಕಾವತಿ ಕಾವೇರಿಗೆ ಸೇರುವ ಸಂಗಮದಿಂದ ಒಳಗೆ. ಎರಡೂ ಹೊಳೆ ದಡದಲ್ಲೇ ಇವೆ, ಆದರೆ ಎರಡರ ಗುಣ ಬೇರೆ.

ಭೀಮೇಶ್ವರಿಯಲ್ಲಿ ಆಟಗಳು ಜಾಸ್ತಿ. ಕಯಾಕ್, ಜಿಪ್‌ಲೈನ್, ಹಗ್ಗದ ಮೇಲಿನ ನಡಿಗೆ, ಹರಿಗೋಲು ಎಲ್ಲ ಇವೆ. ಕಾಲೇಜು ಹುಡುಗರು, ಆಫೀಸ್ ಗುಂಪುಗಳು, ಸ್ವಲ್ಪ ದೊಡ್ಡ ಮಕ್ಕಳಿರುವ ಮನೆಯವರಿಗೆ ಇದು ಸರಿ. ಗಾಳಿಬೋರೆ ಹೆಚ್ಚು ನಿಶ್ಶಬ್ದ. ಹಕ್ಕಿ ನೋಡುವವರು, ಸುಮ್ನೆ ಕೂರಬೇಕು ಅನ್ನುವವರು, ವಯಸ್ಸಾದ ಅಪ್ಪ ಅಮ್ಮನ ಜೊತೆ ಬರುವವರು ಅಲ್ಲಿಗೆ ಹೋಗಲಿ. ನನ್ನನ್ನು ಕೇಳಿದರೆ ಗಾಳಿಬೋರೆಯೇ. ಕಾಡಿನ ಹೊಳೆ ಹತ್ತಿರ ಬಂದು ಗದ್ದಲ ಮಾಡುವುದಕ್ಕಿಂತ ಅಲ್ಲಿನ ಸದ್ದು ಕೇಳುವುದು ದೊಡ್ಡ ಸುಖ.

ಇಲ್ಲಿ ಟೆಂಟ್ ಅಂದರೆ ನೆಲಕ್ಕೆ ಗೂಟ ಹೊಡೆದು ನೀವೇ ಕಟ್ಟುವ ಟೆಂಟ್ ಅಲ್ಲ. ಕಟ್ಟೆಯ ಮೇಲೆ ನಿಲ್ಲಿಸಿದ ದೊಡ್ಡ ಟೆಂಟ್, ಒಳಗೆ ಮಂಚ, ಹಿಂದೆ ಬಚ್ಚಲು. ಭೀಮೇಶ್ವರಿಯಲ್ಲಿ ಮರದ ದಿಮ್ಮಿಯಿಂದ ಕಟ್ಟಿದ ಮನೆಗಳೂ ಇವೆ. ಮಂಡಿ ನೋವಿರುವವರನ್ನೂ ಧೈರ್ಯವಾಗಿ ಕರೆದುಕೊಂಡು ಹೋಗಬಹುದು. ಸ್ವಂತ ಟೆಂಟೇ ಬೇಕು ಅಂದರೆ ವನ್ಯಜೀವಿಧಾಮದ ಗಡಿಯ ಹೊರಗೆ, ತೋಟದ ಮಾಲೀಕರ ಒಪ್ಪಿಗೆ ಪಡೆದು, ಅವರ ಜಮೀನಿನಲ್ಲಿ ಹಾಕಿಕೊಳ್ಳಿ.

ಯಾವಾಗ ಹೋಗುವುದು

ನವೆಂಬರ್‌ನಿಂದ ಫೆಬ್ರುವರಿವರೆಗೆ ಹೋಗಿ. ಮಳೆ ನಿಂತಿರುತ್ತದೆ, ಕಾಡು ಇನ್ನೂ ಹಸಿರಾಗಿರುತ್ತದೆ, ರಾತ್ರಿ ಹದವಾದ ಚಳಿ. ಬೆಳಿಗ್ಗೆ ಹೊಳೆ ಮೇಲೆ ಮಂಜು ಏಳುವುದನ್ನು ನೋಡಬೇಕಿದ್ದರೆ ಡಿಸೆಂಬರ್, ಜನವರಿ.

ಮಾರ್ಚ್‌ನಿಂದ ಮೇವರೆಗೆ ಇದು ಸುಡುವ ಜಾಗ. ಸುತ್ತ ಬಂಡೆ ಗುಡ್ಡಗಳು, ಎಲೆ ಉದುರಿಸಿದ ಕಮರದ ಮರಗಳು. ಮಧ್ಯಾಹ್ನ ಟೆಂಟಿನೊಳಗೆ ಕೂರಲು ಆಗುವುದಿಲ್ಲ. ಆದರೆ ಪ್ರಾಣಿಗಳನ್ನು ನೋಡಬೇಕು ಅನ್ನುವವರಿಗೆ ಇದೇ ಕಾಲ. ಒಳಗಿನ ಹಳ್ಳ, ಕೆರೆಗಳು ಬತ್ತಿದ ಮೇಲೆ ಎಲ್ಲವೂ ಹೊಳೆಗೇ ಬರಬೇಕಲ್ಲ. ಚಿಕ್ಕ ಮಕ್ಕಳಿದ್ದರೆ ಬೇಸಿಗೆ ಬೇಡ.

ಜುಲೈ, ಆಗಸ್ಟ್‌ನಲ್ಲಿ ಕೊಡಗು, ವಯನಾಡಿನ ಕಡೆ ಮಳೆ ಜೋರಾದರೆ ಕೆಆರ್‌ಎಸ್, ಕಬಿನಿ ತುಂಬುತ್ತವೆ. ಬಿಟ್ಟ ನೀರು ಕೆಂಪಗೆ, ದಡ ತುಂಬಿ ಬರುತ್ತದೆ. ಆಗ ಹರಿಗೋಲು, ಕಯಾಕ್ ನಿಲ್ಲಿಸುತ್ತಾರೆ. ತುಂಬಿದ ಕಾವೇರಿ ನೋಡುವುದೇ ಸಾಕು ಅನ್ನುವವರು ಹೋಗಲಿ. ನೀರಾಟದ ಲೆಕ್ಕದಲ್ಲಿ ದುಡ್ಡು ಕಟ್ಟುವವರು ಮೊದಲು ಫೋನ್ ಮಾಡಿ ಕೇಳಿಕೊಳ್ಳಲಿ.

ಒಂದು ರಜೆ ಉಳಿಸಿಕೊಂಡು ವಾರದ ನಡುವೆ ಹೋಗಿ. ಶನಿವಾರದ ಕ್ಯಾಂಪ್‌ಗೂ ಮಂಗಳವಾರದ ಕ್ಯಾಂಪ್‌ಗೂ ಅಜಗಜಾಂತರ.

ಬುಕಿಂಗ್ ಮತ್ತು ದಾರಿ

ಬುಕಿಂಗ್ ಆನ್‌ಲೈನ್‌ನಲ್ಲಿ ಮಾಡಿ, ಸಂಸ್ಥೆಯ ಸ್ವಂತ ಜಾಲತಾಣದಲ್ಲೇ. ದರದಲ್ಲಿ ಊಟ, ವಾಸ್ತವ್ಯ, ಹರಿಗೋಲು, ಗೈಡ್ ಜೊತೆ ಸಣ್ಣ ನಡಿಗೆ ಸಾಮಾನ್ಯವಾಗಿ ಸೇರಿರುತ್ತವೆ. ಕಯಾಕ್‌ನಂಥ ಆಟಗಳು ಅದರಲ್ಲಿ ಸೇರಿವೆಯಾ, ಬೇರೆ ದುಡ್ಡು ಕೊಡಬೇಕಾ ಅಂತ ಅಲ್ಲೇ ಓದಿಕೊಳ್ಳಿ. ಕ್ಯಾಂಪ್ ಸೇರಿದ ಮೇಲೆ ಚರ್ಚೆ ಬೇಡ. ಪ್ರತಿಯೊಬ್ಬರ ಗುರುತಿನ ಚೀಟಿ ಇಟ್ಟುಕೊಳ್ಳಿ. ಬುಕಿಂಗ್ ಚೀಟಿಯ ಒಂದು ಪ್ರತಿ ಕಾಗದದಲ್ಲೂ ಇರಲಿ, ಯಾಕೆಂದರೆ ಒಳಗೆ ಮೊಬೈಲ್ ಸಿಗ್ನಲ್ ನಂಬುವ ಹಾಗಿಲ್ಲ.

ಭೀಮೇಶ್ವರಿಗೆ ಬೆಂಗಳೂರಿನಿಂದ ಕನಕಪುರ, ಸಾತನೂರು, ಹಲಗೂರು. ಹಲಗೂರಿನಲ್ಲಿ ಹೆದ್ದಾರಿ ಬಿಟ್ಟು ಕಾಡಿನ ಕಡೆಗೆ ತಿರುಗಬೇಕು. ಮೈಸೂರಿನವರು ಬನ್ನೂರು, ಮಳವಳ್ಳಿ ಮೇಲೆ ಹಲಗೂರಿಗೆ ಬರಬಹುದು. ಗಾಳಿಬೋರೆಗೆ ಕನಕಪುರದಿಂದಲೇ ಸಂಗಮದ ರಸ್ತೆ ಹಿಡಿಯಿರಿ. ಸಂಗಮದಿಂದ ಮುಂದೆ ಕಾಡಿನ ಮಣ್ಣು ದಾರಿ. ಮಳೆ ಬಿದ್ದಿದ್ದರೆ ಚಿಕ್ಕ ಕಾರಿಗೆ ಕಷ್ಟ. ದಾರಿ ಹೇಗಿದೆ ಅಂತ ಹಿಂದಿನ ದಿನ ಕ್ಯಾಂಪ್‌ಗೆ ಫೋನ್ ಮಾಡಿ ಕೇಳಿ.

ಪೆಟ್ರೋಲ್, ನಗದು, ಔಷಧಿ, ಮಗುವಿನ ಹಾಲಿನ ಪುಡಿ, ಎಲ್ಲವನ್ನೂ ಕನಕಪುರದಲ್ಲೇ ಮುಗಿಸಿಕೊಳ್ಳಿ. ಮನೆಯವರಿಗೆ ‘ನಾಳೆ ಮಧ್ಯಾಹ್ನದವರೆಗೆ ಫೋನ್ ಸಿಗಲ್ಲ’ ಅಂತ ಅಲ್ಲಿಂದಲೇ ಹೇಳಿಬಿಡಿ. ಆಫ್‌ಲೈನ್ ನಕ್ಷೆ ಇಳಿಸಿಕೊಂಡಿರಿ.

ಬಸ್ಸಿನಲ್ಲಿ ಬರುವವರಿಗೆ ಹಲಗೂರಿನವರೆಗೆ ತೊಂದರೆ ಇಲ್ಲ. ಕನಕಪುರದ ಮೇಲೆ ಮಳವಳ್ಳಿ, ಕೊಳ್ಳೇಗಾಲಕ್ಕೆ ಹೋಗುವ ಬಸ್ಸುಗಳು ಅಲ್ಲಿ ನಿಲ್ಲುತ್ತವೆ. ಅಲ್ಲಿಂದ ಒಳಗೆ ಆಟೋ ಅಥವಾ ಬಾಡಿಗೆ ಗಾಡಿ ಮಾತಾಡಿಕೊಳ್ಳಬೇಕು. ವಾಪಸ್ ಕರೆದುಕೊಂಡು ಹೋಗುವ ಮಾತನ್ನೂ ಆಗಲೇ ಮುಗಿಸಿ.

ಹೊತ್ತು ಮುಳುಗುವ ಮೊದಲೇ ಕ್ಯಾಂಪ್ ಸೇರಿರಬೇಕು. ಮಧ್ಯಾಹ್ನದ ಊಟಕ್ಕೇ ತಲುಪುವ ಹಾಗೆ ಹೊರಟರೆ ಒಳ್ಳೆಯದು. ಸಂಜೆಯಾದರೆ ಈ ದಾರಿಗಳಲ್ಲಿ ಆನೆ ಓಡಾಡುತ್ತದೆ. ಆನೆ ಎದುರಾದರೆ ದೂರದಲ್ಲೇ ಗಾಡಿ ನಿಲ್ಲಿಸಿ. ಹಾರ್ನ್ ಮಾಡಬೇಡಿ, ಹೆಡ್‌ಲೈಟ್ ಮಿನುಗಿಸಬೇಡಿ, ಫೋಟೋಗೆ ಅಂತ ಇಳಿಯಬೇಡಿ. ನಿಮ್ಮ ಕಡೆಗೇ ಬರುತ್ತಿದ್ದರೆ ನಿಧಾನವಾಗಿ ಹಿಂದಕ್ಕೆ ತೆಗೆದುಕೊಳ್ಳಿ. ಮರಿ ಜೊತೆಗಿದ್ದರೆ ಇನ್ನೂ ಹೆಚ್ಚು ಜಾಗ ಬಿಡಿ.

ಬ್ಯಾಗಿನಲ್ಲಿ ಏನಿರಬೇಕು

ಒಂದು ರಾತ್ರಿಗೆ ಜಾಸ್ತಿ ಬೇಡ. ಆದರೆ ಟಾರ್ಚ್ ಬೇಕೇಬೇಕು, ಒಬ್ಬೊಬ್ಬರಿಗೂ ಒಂದು. ಮೊಬೈಲಿನ ದೀಪ ಲೆಕ್ಕಕ್ಕಿಲ್ಲ. ಕಾಲು ಪೂರ್ತಿ ಮುಚ್ಚುವ ಶೂ, ಉದ್ದ ಪ್ಯಾಂಟ್, ತುಂಬು ತೋಳಿನ ಹತ್ತಿ ಅಂಗಿ. ಬಣ್ಣ ಮಾಸಲು ಹಸಿರೋ, ಕಂದೋ ಇರಲಿ. ಸೊಳ್ಳೆ ಮುಲಾಮು, ಟೋಪಿ, ಒಂದು ಜೊತೆ ಹೆಚ್ಚಿನ ಬಟ್ಟೆ, ದಿನವೂ ತೆಗೆದುಕೊಳ್ಳುವ ಮಾತ್ರೆಗಳು. ಸ್ಟೀಲ್ ನೀರಿನ ಬಾಟಲ್ ತನ್ನಿ, ಕ್ಯಾಂಪಿನಲ್ಲಿ ತುಂಬಿಸಿಕೊಳ್ಳಬಹುದು. ದುರ್ಬೀನು ಇದ್ದರೆ ಮರೆಯಬೇಡಿ. ಇಲ್ಲದಿದ್ದರೆ ಯಾರ ಹತ್ತಿರವಾದರೂ ಕೇಳಿ ತೆಗೆದುಕೊಂಡು ಹೋಗಿ, ಇಲ್ಲಿ ಕ್ಯಾಮೆರಾಗಿಂತ ಅದೇ ಹೆಚ್ಚು ಉಪಯೋಗ.

ಸೆಂಟು ಬೇಡ. ಹೊಳೆ ದಡದ ದೊಡ್ಡ ಮರಗಳಲ್ಲಿ ಹೆಜ್ಜೇನು ಕಟ್ಟಿರುತ್ತದೆ. ಗಾಢವಾದ ವಾಸನೆಗೆ, ಹೊಗೆಗೆ, ಗದ್ದಲಕ್ಕೆ ಅವು ಏಳುತ್ತವೆ. ಬ್ಲೂಟೂತ್ ಸ್ಪೀಕರ್ ಕೂಡ ಬೇಡ. ಒಂದು ಸ್ಪೀಕರ್ ಇಡೀ ದಡದ ಸಂಜೆಯನ್ನು ಹಾಳುಮಾಡುತ್ತದೆ, ನಿಮ್ಮದೂ ಸೇರಿ.

ನೀರಿನ ವಿಷಯ

ಇದನ್ನು ಮಾತ್ರ ಪೂರ್ತಿ ಓದಿ. ಜೊತೆಗೆ ಬರುವವರಿಗೂ ಓದಿ ಹೇಳಿ.

ಈ ಭಾಗದ ಕಾವೇರಿ ಮೇಲ್ನೋಟಕ್ಕೆ ಸೌಮ್ಯ. ದಡದಲ್ಲಿ ಮೊಣಕಾಲುದ್ದ ನೀರು, ನಡುವೆ ಹಾಸುಬಂಡೆ, ಆಚೆ ತಿಳಿಯಾದ ಮಡು. ಮೋಸ ಇರುವುದು ತಳದಲ್ಲಿ. ಹೊಳೆ ಬಂಡೆಗಳ ನಡುವೆ ಕೊರೆದುಕೊಂಡು ಹರಿಯುವುದರಿಂದ ಆಳ ಒಂದೇ ಸಮ ಇರುವುದಿಲ್ಲ. ಒಂದು ಹೆಜ್ಜೆಗೆ ಮಂಡಿಯುದ್ದ, ಮುಂದಿನ ಹೆಜ್ಜೆಗೆ ಆಳು ಮುಳುಗುವಷ್ಟು. ಬಂಡೆ ಸಂದಿಗಳಲ್ಲಿ ಸುಳಿ ಇರುತ್ತದೆ. ಮೇಲೆ ನೀರು ನಿಂತ ಹಾಗೆ ಕಂಡರೂ ಒಳಗೆ ಸೆಳೆತ ಇರುತ್ತದೆ. ಬಂಡೆ ಮೇಲಿನ ಪಾಚಿ ಎಂಥವರನ್ನೂ ಜಾರಿಸುತ್ತದೆ. ಈಜುಕೊಳದಲ್ಲಿ ಕಲಿತ ಈಜು ಇಲ್ಲಿ ಕೈ ಹಿಡಿಯುವುದಿಲ್ಲ.

ಇನ್ನೊಂದು ಕಾರಣ ಇದೆ, ಹೊಸಬರಿಗೆ ಹೊಳೆಯುವುದೇ ಇಲ್ಲ. ಇಲ್ಲಿ ಮಳೆ ಬಾರದೆಯೂ ನೀರು ಏರುತ್ತದೆ. ಮೇಲುಗಡೆ ಶಿವನಸಮುದ್ರದಲ್ಲಿ 1902ರಿಂದ ವಿದ್ಯುತ್ ತಯಾರಾಗುತ್ತಿದೆ. ಶಿಂಷಾ ಹತ್ತಿರ ಇನ್ನೊಂದು ವಿದ್ಯುತ್ ಕೇಂದ್ರ. ಇನ್ನೂ ಮೇಲೆ ಕೆಆರ್‌ಎಸ್, ಕಬಿನಿ ಅಣೆಕಟ್ಟುಗಳು. ಮೇಲಿನಿಂದ ನೀರು ಬಿಟ್ಟರೆ ಇಲ್ಲಿ ಆಕಾಶ ತಿಳಿಯಾಗಿದ್ದರೂ ಮಟ್ಟ ಏರುತ್ತದೆ. ಬೆಳಿಗ್ಗೆ ನಡೆದು ಹೋದ ಬಂಡೆಯಿಂದ ಮಧ್ಯಾಹ್ನ ವಾಪಸ್ ಬರಲು ಆಗದೆ ಇರಬಹುದು. ಅದಕ್ಕೇ ಹೊಳೆ ನಡುವಿನ ಬಂಡೆಗೆ ಹೋಗಿ ಕೂರಬೇಡಿ, ಎಷ್ಟು ಹತ್ತಿರ ಕಂಡರೂ.

ಇದರ ಮೇಲೆ ಮೊಸಳೆ. ಬಿಸಿಲು ಬಿದ್ದಾಗ ಬಂಡೆಗಳ ಮೇಲೆ ಮಲಗಿರುವುದು ಕಾಣುತ್ತದೆ. ಕಾಣದೆ ಇದ್ದರೆ ಇಲ್ಲ ಅಂತ ಅರ್ಥ ಅಲ್ಲ. ಕೈ ತೊಳೆಯಲು, ಪಾತ್ರೆ ತುಂಬಲು ನೀರಿನ ಅಂಚಿನಲ್ಲಿ ಬಗ್ಗಿ ಕೂರಬೇಡಿ. ಮಕ್ಕಳ ಕೈ ಬಿಡಬೇಡಿ.

ಹತ್ತಿರದ ಮುತ್ತತ್ತಿಗೆ ತುಂಬಾ ಜನ ಹೋಗುತ್ತಾರೆ. ಅಲ್ಲಿನ ಆಂಜನೇಯ ಪ್ರಸಿದ್ಧ. ಸೀತಮ್ಮನ ಆಭರಣ ಹೊಳೆಗೆ ಬಿದ್ದಾಗ ಹನುಮಂತ ಬಾಲದಿಂದ ನೀರು ಕಲಕಿ ತೆಗೆದುಕೊಟ್ಟ ಅಂತ ಕಥೆ. ಡಾ. ರಾಜ್‌ಕುಮಾರ್ ಅವರಿಗೆ ಮುತ್ತುರಾಜ ಅಂತ ಹೆಸರಿಟ್ಟಿದ್ದು ಈ ದೇವರ ಹೆಸರಿನಿಂದಲೇ. ದರ್ಶನ ಮಾಡಿ, ಮರದ ನೆರಳಲ್ಲಿ ಕೂತು ಬನ್ನಿ. ಆದರೆ ಈ ರಾಜ್ಯದಲ್ಲಿ ಹೊಳೆಗಿಳಿದವರು ಮತ್ತೆ ಮತ್ತೆ ಪ್ರಾಣ ಕಳೆದುಕೊಳ್ಳುವ ಜಾಗಗಳಲ್ಲಿ ಇದೂ ಒಂದು. ಹೆಚ್ಚಿನವರು ಹರೆಯದ ಹುಡುಗರು, ಗುಂಪಿನಲ್ಲಿ ಬಂದವರು. ಒಬ್ಬ ಮುಳುಗುವಾಗ ಕಾಪಾಡಲು ಹಾರಿದ ಇನ್ನೊಬ್ಬನೂ ಹೋಗುತ್ತಾನೆ. ಯಾರಾದರೂ ನೀರಿನಲ್ಲಿ ಸಿಕ್ಕಿಕೊಂಡರೆ ನೀವು ಹಾರಬೇಡಿ. ಹಗ್ಗ, ಉದ್ದ ಕೋಲು, ಪಂಚೆ, ಏನು ಸಿಕ್ಕರೂ ದಡದಿಂದಲೇ ಎಸೆಯಿರಿ, ಕೂಗಿ ಸ್ಥಳೀಯರನ್ನು ಕರೆಯಿರಿ. ಕುಡಿದವರನ್ನು ನೀರಿನ ಹತ್ತಿರಕ್ಕೇ ಬಿಡಬೇಡಿ.

ನೀರಿನ ಆಸೆ ತೀರಿಸಿಕೊಳ್ಳಲು ಹರಿಗೋಲು ಇದೆಯಲ್ಲ. ಅದನ್ನು ನಡೆಸುವವರು ಈ ಹೊಳೆಯ ಒಂದೊಂದು ಬಂಡೆಯನ್ನೂ ಬಲ್ಲವರು. ಮೊದಲು ಲೈಫ್ ಜಾಕೆಟ್ ಹಾಕಿ, ಎಲ್ಲ ಬಕಲ್ ಬಿಗಿ ಮಾಡಿ. ‘ಐದು ನಿಮಿಷಕ್ಕೆ ಯಾಕೆ’ ಅನ್ನಬೇಡಿ. ತೂಕ ಎರಡೂ ಕಡೆ ಸಮ ಇರುವ ಹಾಗೆ ಅವರು ಹೇಳಿದ ಕಡೆ ಕೂರಿ. ನಡುವೆ ಎದ್ದು ನಿಲ್ಲಬೇಡಿ, ನೀರಿಗೆ ಕೈ ಇಳಿಬಿಡಬೇಡಿ. ಹರಿಗೋಲನ್ನು ಗಿರಗಿರ ತಿರುಗಿಸಿ ಅಂತ ಒತ್ತಾಯ ಮಾಡುವವರೇ ಜಾಸ್ತಿ. ಅದರ ಬದಲು ‘ಸದ್ದಿಲ್ಲದೆ ದಡದ ಪಕ್ಕದಲ್ಲೇ ಕರ್ಕೊಂಡು ಹೋಗಿ ಅಣ್ಣ’ ಅಂತ ಕೇಳಿ ನೋಡಿ. ಹುಟ್ಟು ನಿಲ್ಲಿಸಿ ತೇಲುವಾಗ ಕಾಣುವುದೇ ಬೇರೆ.

ಏನು ನೋಡಬಹುದು

ದಡದ ಮರಗಳನ್ನು ಮೊದಲು ನೋಡಿ. ಬಿಳಿಚಿದ ನುಣುಪು ಕಾಂಡ, ನೀರಿನ ಮೇಲೆ ಬಾಗಿದ ಕೊಂಬೆ ಇರುವ ದೊಡ್ಡ ಮರಗಳು ಹೊಳೆಮತ್ತಿ. ನೇರಳೆ, ಹೊಂಗೆ, ಹುಣಸೆಯೂ ಇವೆ. ಗುಡ್ಡದ ಮೇಲಿನ ಕಾಡು ಒಣಗಿದರೂ ಈ ಪಟ್ಟಿ ವರ್ಷವಿಡೀ ಹಸಿರು. ಈ ಮರಗಳ ತುದಿಯಲ್ಲೇ ಬೂದು ಬಣ್ಣದ ದೊಡ್ಡ ಅಳಿಲು ಇರುತ್ತದೆ. ಮಲೆನಾಡಿನ ಕೆಂದಳಿಲು ನೋಡಿದವರು ಇದನ್ನು ಬೇರೆ ಅಂತ ಗುರುತಿಸಬಹುದು. ಕರ್ನಾಟಕದಲ್ಲಿ ಇದನ್ನು ನೋಡಲು ಈ ಹೊಳೆ ದಡಕ್ಕೇ ಬರಬೇಕು. ಕೊಂಬೆಯಿಂದ ಕೊಂಬೆಗೆ ಹಾರಿಯೇ ಓಡಾಡುವ ಪ್ರಾಣಿ ಆದ್ದರಿಂದ ದಡದ ಮರಗಳ ಸಾಲು ಕಡಿದುಹೋದರೆ ಅದರ ದಾರಿಯೇ ಹೋಗುತ್ತದೆ.

ನೀರುನಾಯಿಗಳು ಗುಂಪಾಗಿ ಬರುತ್ತವೆ, ಬೆಳಿಗ್ಗೆ ಹೆಚ್ಚು. ಮೊದಲು ಕೀಚಲು ಸದ್ದು ಕೇಳುತ್ತದೆ, ಆಮೇಲೆ ನೀರಿನ ಮೇಲೆ ತಲೆಗಳು. ಮೀನು ಹದ್ದು ಎತ್ತರದ ಒಣ ಕೊಂಬೆಯಲ್ಲಿ ಗಂಟೆಗಟ್ಟಲೆ ಕೂತಿರುತ್ತದೆ. ಕಪ್ಪು ಬಿಳುಪಿನ ಮಿಂಚುಳ್ಳಿ ಗಾಳಿಯಲ್ಲಿ ನಿಂತಲ್ಲೇ ರೆಕ್ಕೆ ಬಡಿದು ನೇರ ನೀರಿಗೆ ಬೀಳುತ್ತದೆ. ಮಕ್ಕಳಿಗೆ ತೋರಿಸಿ, ಅವರು ಮರೆಯುವುದಿಲ್ಲ.

ಕಾಣದೆ ಇರುವ, ಆದರೆ ಈ ಹೊಳೆಯ ನಿಜವಾದ ಹೆಮ್ಮೆ ಮಹಶೀರ್ ಮೀನು. ಇಲ್ಲಿನ ಬೆನ್ನುಗೂನಿನ ಮಹಶೀರ್ ಪ್ರಪಂಚದಲ್ಲಿ ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಐವತ್ತು ಕಿಲೋ ದಾಟಿ ಬೆಳೆದ ದಾಖಲೆ ಇದೆ. ಹಿಂದೆ ಇದನ್ನು ಗಾಳ ಹಾಕಿ ಹಿಡಿದು ಮತ್ತೆ ನೀರಿಗೆ ಬಿಡುವ ಆಟಕ್ಕಾಗಿಯೇ ದೂರದೂರದ ದೇಶಗಳಿಂದ ಜನ ಈ ಕ್ಯಾಂಪ್‌ಗಳಿಗೆ ಬರುತ್ತಿದ್ದರು. ವನ್ಯಜೀವಿಧಾಮದೊಳಗೆ ಈಗ ಅದು ನಿಂತಿದೆ. ಸಿಡಿಮದ್ದು ಹಾಕಿ ಮೀನು ಹಿಡಿಯುವವರ ಕಾಟ, ಕಡಿಮೆಯಾದ ಹರಿವು, ಹೊರಗಿನಿಂದ ತಂದು ಬಿಟ್ಟ ಬೇರೆ ಜಾತಿಯ ಮಹಶೀರ್, ಇವೆಲ್ಲ ಸೇರಿ ಈ ಮೀನನ್ನು ಅಂಚಿಗೆ ತಳ್ಳಿವೆ. 2018ರಲ್ಲಿ ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಇದನ್ನು ಅತ್ಯಂತ ಅಪಾಯದ ಸಾಲಿಗೆ ಸೇರಿಸಿದರು. ಅದಕ್ಕೇ ಗಾಳ ತರಬೇಡಿ. ಮೀನಿಗೆ ಪುರಿ, ಬ್ರೆಡ್ ಎಸೆಯಬೇಡಿ. ಬಚ್ಚಲಿನ ಹೊರಗೆ, ಹೊಳೆಯಲ್ಲಿ ಸೋಪು, ಶಾಂಪೂ ಹಾಕಬೇಡಿ.

ಸಂಜೆ ಮತ್ತು ರಾತ್ರಿ

ಕತ್ತಲಾದ ಮೇಲೆ ಕ್ಯಾಂಪಿನ ಬೇಲಿ ದಾಟಬಾರದು. ಊಟದ ಜಾಗಕ್ಕೆ ಹೋಗುವಾಗಲೂ ಟಾರ್ಚ್ ಬೆಳಕು ನೆಲದ ಮೇಲೇ ಇರಲಿ. ಬೆಚ್ಚಗಿನ ಬಂಡೆ, ದಾರಿಯ ಮೇಲೆ ಹಾವು ಮಲಗಿರಬಹುದು, ಅದರಲ್ಲೂ ಕೊಳಕುಮಂಡಲ. ಟೆಂಟಿನ ಜಿಪ್ ಯಾವಾಗಲೂ ಮುಚ್ಚಿರಲಿ. ಒಳಗೆ ಹಣ್ಣು, ಬಿಸ್ಕತ್ತು ಇಡಬೇಡಿ. ಹಗಲು ಕೋತಿ ಬರುತ್ತದೆ, ರಾತ್ರಿ ಇಲಿ, ಇಲಿಯ ಹಿಂದೆ ಹಾವು. ಬೆಳಿಗ್ಗೆ ಶೂ ಹಾಕುವ ಮೊದಲು ಕೊಡವಿ.

ಹಾವು ಕಚ್ಚಿದರೆ ಕಟ್ಟು ಕಟ್ಟುವುದು, ಕುಯ್ಯುವುದು, ಬಾಯಲ್ಲಿ ಹೀರುವುದು ಯಾವುದನ್ನೂ ಮಾಡಬೇಡಿ. ಉಂಗುರ, ಬಳೆ, ವಾಚು ತೆಗೆಯಿರಿ. ಕೈಕಾಲು ಅಲ್ಲಾಡಿಸದೆ ಮಲಗಿಸಿ, ಕ್ಯಾಂಪಿನವರಿಗೆ ಹೇಳಿ, ತಕ್ಷಣ ದೊಡ್ಡ ಆಸ್ಪತ್ರೆಗೆ ಹೊರಡಿ. ಆಂಬುಲೆನ್ಸ್ 108, ತುರ್ತು ಸಹಾಯ 112. ಕ್ಯಾಂಪಿಗೆ ಬಂದ ಕೂಡಲೇ ಹತ್ತಿರದ ಆಸ್ಪತ್ರೆ ಯಾವುದು, ಸಿಗ್ನಲ್ ಎಲ್ಲಿ ಸಿಗುತ್ತದೆ ಅಂತ ಮ್ಯಾನೇಜರ್ ಹತ್ತಿರ ಕೇಳಿಟ್ಟುಕೊಳ್ಳಿ.

ಬೆಂಕಿ ಹಾಕಿದರೆ ಕ್ಯಾಂಪಿನವರೇ, ಅವರ ಜಾಗದಲ್ಲೇ ಹಾಕಲಿ. ಒಣ ಕಾಡಿಗೆ ಒಂದು ಕಿಡಿ ಸಾಕು, ಫೆಬ್ರುವರಿಯಿಂದ ಮೇವರೆಗೆ ಅರಣ್ಯ ಇಲಾಖೆಯವರಿಗೆ ನಿದ್ದೆ ಇರುವುದಿಲ್ಲ. ಸಿಗರೇಟು ತುಂಡು ಕೂಡ ನೆಲಕ್ಕೆ ಬೇಡ.

ಊಟ ಆದ ಮೇಲೆ ಬೇಗ ಮಲಗಿ. ಮಾತು ಸಾಕು ಅನ್ನಿಸಿದಾಗ ದೀಪ ಆರಿಸಿ, ಟೆಂಟಿನ ಮುಂದಿನ ಕುರ್ಚಿಯಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿರಿ. ಹೊಳೆಯ ಸದ್ದು, ಜೀರುಂಡೆ, ಆಗಾಗ ಜಿಂಕೆಯ ಎಚ್ಚರಿಕೆ ಕೂಗು ಕೇಳುತ್ತವೆ. ಸಾಧ್ಯವಾದರೆ ಅಮಾವಾಸ್ಯೆಯ ಹತ್ತಿರ ಹೋಗಿ. ಊರಿನ ಬೆಳಕು ಇಲ್ಲದ ಆಕಾಶ ನಮ್ಮ ಮಕ್ಕಳಲ್ಲಿ ಎಷ್ಟೋ ಜನ ನೋಡಿಯೇ ಇಲ್ಲ.

ಬೆಳಗಿನ ನಡಿಗೆ

ಆರು ಗಂಟೆಗೆ ಎದ್ದಿರಿ. ಬೆಳಗಿನ ನಡಿಗೆ ತಪ್ಪಿಸಿಕೊಂಡರೆ ಅರ್ಧ ಪ್ರವಾಸ ಹೋದ ಹಾಗೆ. ಗೈಡ್ ಮುಂದೆ, ನೀವು ಹಿಂದೆ, ಸಾಲಾಗಿ. ಅವರು ಕೈ ಎತ್ತಿದರೆ ನಿಂತುಬಿಡಿ. ಇಲ್ಲಿನ ಗೈಡ್‌ಗಳಲ್ಲಿ ಹಲವರು ಸುತ್ತಲಿನ ಹಳ್ಳಿಯವರೇ. ಅವರಿಗೆ ಹೆಜ್ಜೆ ಗುರುತು, ಲದ್ದಿ, ಮರದ ಮೇಲಿನ ಉಗುರ ಗೀರು ಎಲ್ಲ ಓದಲು ಬರುತ್ತದೆ. ‘ಹುಲಿ ತೋರಿಸ್ತೀರಾ’ ಅಂತ ಕೇಳುವ ಬದಲು ‘ರಾತ್ರಿ ಇಲ್ಲಿ ಯಾರು ಓಡಾಡಿದ್ದಾರೆ’ ಅಂತ ಕೇಳಿ. ಮಾತು ಶುರುವಾಗುವುದೇ ಅಲ್ಲಿಂದ. ಹೊರಡುವಾಗ ಗೈಡ್‌ಗೂ, ಹರಿಗೋಲಿನವರಿಗೂ, ಅಡುಗೆಯವರಿಗೂ ಕೈಲಾದಷ್ಟು ಕೊಡಿ.

ಕ್ಯಾಂಪಿನ ಕಸ ಕ್ಯಾಂಪಿನ ಬುಟ್ಟಿಗೆ. ನೀವು ತಂದ ಪ್ಲಾಸ್ಟಿಕ್, ಡೈಪರ್, ಬ್ಯಾಟರಿ ನಿಮ್ಮ ಜೊತೆಯೇ ಊರಿಗೆ ವಾಪಸ್. ವಾಪಸ್ ಬರುವಾಗ ಹೊತ್ತಿದ್ದರೆ ಸಂಗಮ, ಮೇಕೆದಾಟು ನೋಡಬಹುದು. ಸಂಗಮದಲ್ಲಿ ಅರ್ಕಾವತಿ ಕಾವೇರಿಗೆ ಸೇರುತ್ತದೆ. ಮೇಕೆದಾಟಿನಲ್ಲಿ ಇಡೀ ಹೊಳೆ ಕಿರಿದಾದ ಬಂಡೆ ಸಂದಿಯಲ್ಲಿ ನುಗ್ಗುತ್ತದೆ. ಅಲ್ಲಿ ಸೆಲ್ಫಿಗಾಗಿ ಅಂಚಿಗೆ ಹೋಗಬೇಡಿ, ಬೇಲಿ ಇರುವ ಕಡೆಯಿಂದಲೇ ನೋಡಿ. ಭೀಮೇಶ್ವರಿಯಿಂದ ಹೊರಟವರು ಹಲಗೂರು, ಸಾತನೂರು ಮೇಲೆ ಸುತ್ತಿಕೊಂಡು ಬರಬೇಕು, ಅರ್ಧ ದಿನ ಬೇಕಾಗುತ್ತದೆ. ಜೊತೆಯಲ್ಲಿ ಚಿಕ್ಕವರೋ ವಯಸ್ಸಾದವರೋ ಇದ್ದರೆ ಅದನ್ನು ಇನ್ನೊಂದು ಸಲಕ್ಕೆ ಇಟ್ಟುಕೊಂಡು, ಬಿಸಿಲೇರುವ ಮೊದಲೇ ಕನಕಪುರ ದಾಟಿಬಿಡಿ.